ಜಪಾನಿ ದೆವ್ವಗಳಿಗೆ ನಾನು ಕೊಟ್ಟ ಸರ್ಟಿಫಿಕೇಟು

ಆ ಭಾನುವಾರ ಮಧ್ಯಾಹ್ನ ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೆವು. ಗೋರಿಕಾಯಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ನಾನು. ಪಕ್ಕದಲ್ಲಿ, ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎರಡು ಮಹಡಿ ಕೆಳಗಿನ ಮನೆಯ ಹದಿಮೂರು ವರ್ಷದ ಹುಡುಗಿ. ನೆಲದ ಮೇಲೆ ಅವಳ ಆರು ವರ್ಷದ ತಮ್ಮ, ಒಂದು ಚಕ್ರ ಕಳೆದುಕೊಂಡ ಜೀಪಿನ ಜೊತೆ. ಒಳಕೋಣೆಯಲ್ಲಿ ಕೂಲರಿಗೆ ಎದುರಾಗಿ ಮಲಗಿ, ಗೊರಕೆಯ ಮೂಲಕವೇ ಹಾಜರಿ ಹಾಕುತ್ತಿದ್ದ ನಮ್ಮ ಯಜಮಾನರು. ಮಕ್ಕಳ ತಾಯಿ ಬಾಗಿಲವರೆಗೆ ಬಂದು ಹೊರಟುಹೋಗಿದ್ದಳು. ತಾನಿದ್ದರೆ ಮಗಳು ಮುಖ ಊದಿಸಿಕೊಂಡು ಕೂರುತ್ತಾಳೆ, ನೀವೇ ನೋಡಿ ಒಂದು ಮಾತು ಹೇಳಿಬಿಡಿ ಅಕ್ಕ ಎಂದು ನನ್ನನ್ನು ನ್ಯಾಯಾಧೀಶೆ ಮಾಡಿ ಹೋಗಿದ್ದಳು.

ಅವರು ಕೊಡಗಿನವರು. ಮಕ್ಕಳ ತಂದೆ ಸೈನ್ಯದಲ್ಲಿ. ಆ ವರ್ಷ ಗಡಿಯ ಹತ್ತಿರ, ಸಂಸಾರ ಕರೆದೊಯ್ಯಲಾಗದ ಜಾಗಕ್ಕೆ ಅವರನ್ನು ಹಾಕಿದ್ದರು. ಹಾಗಾಗಿ ಇವಳು ಇಲ್ಲಿ ಬಾಡಿಗೆಗೆ ಮನೆ ಹಿಡಿದು, ಒಂದು ಶಾಲೆಯಲ್ಲಿ ಪಾಠ ಮಾಡಿಕೊಂಡು, ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಭಾನುವಾರ ಅವರ ಫೋನು ಬರಬೇಕು. ಬಂದರೆ ಆ ಮನೆಯ ಅಡುಗೆಯ ಪರಿಮಳವೇ ಬೇರೆ. ಹುಡುಗಿಗೆ ಅದು ನಾಲ್ಕನೆಯ ಶಾಲೆ. ಗೆಳತಿಯರು ಅಂತ ಯಾರೂ ಇರಲಿಲ್ಲ. ಇದ್ದದ್ದು ಒಂದು ಜಿಪ್ಪಿನ ಚೀಲ, ಅದರ ತುಂಬ ಸಿ.ಡಿ.ಗಳು. ದೆಹಲಿಯ ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಚಿಕ್ಕಪ್ಪನ ಮಗ ಕಾಪಿ ಮಾಡಿಕೊಟ್ಟದ್ದು. ಜಪಾನಿ ಧಾರಾವಾಹಿ. ನಾನು ಕಾರ್ಟೂನು ಅಂದೆ. ಅವಳು ನನ್ನನ್ನು ಕನಿಕರದಿಂದ ನೋಡಿ, "ಕಾರ್ಟೂನ್ ಅಲ್ಲ ದೊಡ್ಡಮ್ಮ, ಅನಿಮೆ" ಎಂದು ತಿದ್ದಿದಳು.

ವಿಚಾರಣೆ ಯಾಕೆ ಬಂತೆಂದರೆ, ಎರಡು ವಾರದಿಂದ ಚಿಕ್ಕವನು ಒಂದು ಹೊಸ ಹಟ ಹಿಡಿದಿದ್ದ. ಸಂಜೆ ಊಟಕ್ಕೆ ಕೂರುವಾಗ ಅಪ್ಪನಿಗೂ ಒಂದು ತಟ್ಟೆ ಹಾಕಬೇಕು, ಅನ್ನ ಸಾರು ಬಡಿಸಬೇಕು, ಯಾರೂ ಮುಟ್ಟಬಾರದು. ನಮ್ಮ ಕಡೆಯಾಗಲಿ ಅವರ ಕಡೆಯಾಗಲಿ, ಹಾಗೆ ಯಾರೂ ಉಣ್ಣದ ಊಟ ಬಡಿಸಿಡುವುದು ತೀರಿಹೋದ ಹಿರಿಯರಿಗೆ ಮಾತ್ರ. ಗಡಿಯಲ್ಲಿರುವ ಗಂಡನಿಗೆ ಮಗ ದಿನಾ ಎಡೆ ಇಟ್ಟರೆ ಯಾವ ಹೆಂಗಸಿನ ಜೀವ ನಿಂತೀತು? ಎಲ್ಲಿ ಕಲಿತೆಯೋ ಎಂದರೆ ಅವನು ಟಿ.ವಿ. ಕಡೆ ಕೈ ತೋರಿಸಿದ. ನಾನು ನೋಡಿ ಸರಿಯಿಲ್ಲ ಅಂದರೆ ಆ ಚೀಲ ವಾಪಸು ಮುನಿರ್ಕಾಕ್ಕೆ. ಅದು ಹುಡುಗಿಗೂ ಗೊತ್ತಿತ್ತು. ರಿಮೋಟು ಅವಳ ಕೈಯಲ್ಲಿ ಬೆವರುತ್ತಿತ್ತು.

ನನ್ನನ್ನೇ ಏಕೆ ಆರಿಸಿದರು ಅನ್ನುವುದಕ್ಕೂ ಕಾರಣವಿತ್ತು. ನನಗೆ ಮಾತು ಕಲಿಸಿದವರು ಇಬ್ಬರು ಅಜ್ಜಿಯರು ಮತ್ತು ಒಬ್ಬ ಸೋದರಮಾವ. ಮೂವರಿಗೂ ದೆವ್ವಗಳ ಖಾಸಾ ಪರಿಚಯವಿತ್ತು. ಹುಣಸೆಮರದ್ದು, ಹಾಳುಬಾವಿಯದ್ದು, ಪಾದ ಹಿಂದುಮುಂದಾದದ್ದು, ಎಲ್ಲವನ್ನೂ ಉಂಡು ಬೆಳೆದವಳು ನಾನು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಕನ್ನಡ ಮಕ್ಕಳಿಗೆ ಅವನ್ನೇ ಬಡಿಸುತ್ತಿದ್ದೆ. ದೆವ್ವದ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಇತ್ತು ಅನ್ನಿ.

ಶುರುವಾಯಿತು. ಒಂದು ಮಹಾನಗರ. ನಮ್ಮ ಇಂದಿರಾಪುರಂನ ಹಾಗೇ ಒಂದರ ಪಕ್ಕ ಒಂದು ಎತ್ತರದ ಕಟ್ಟಡ, ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ಲಿಫ್ಟು. ಶಾಲೆಯ ಸಮವಸ್ತ್ರದ ಒಬ್ಬಳು ಹುಡುಗಿ, ಅವಳಿಗೆ ಮಾತ್ರ ಪ್ರೇತಗಳು ಕಾಣುತ್ತವೆ. ಇಷ್ಟೇ ತಾನೆ ಅಂದುಕೊಳ್ಳುವಾಗ ಫ್ಲೈಓವರಿನ ಅಡಿಯಿಂದ ಬರೀ ಕೂದಲಿನದೊಂದು ಆಕೃತಿ ಎದ್ದು ನಿಂತಿತು. ಆ ಹುಡುಗಿ ಅದರ ಕೈಯನ್ನು ಕತ್ತರಿಸಿಬಿಟ್ಟಳು. ಪರದೆಯ ತುಂಬ ಕೆಂಪು. ನನ್ನ ಬುಟ್ಟಿ ನೆಲಕ್ಕೆ. ನಮ್ಮ ಅಜ್ಜಿಯರ ಮೂವತ್ತು ವರ್ಷದ ದೆವ್ವಗಳಲ್ಲಿ ಒಂದೂ ಇಷ್ಟು ರಕ್ತ ಸುರಿಸಿರಲಿಲ್ಲ.

"ಅದು ಖೂನ್ ಅಲ್ಲ ದೊಡ್ಡಮ್ಮ, ಅದರ ಪವರ್" ಅಂದಳು ಪಕ್ಕದಲ್ಲಿದ್ದ ಹುಡುಗಿ.

ನನಗೆ ಅದಕ್ಕಿಂತ ಗಾಬರಿಯಾದದ್ದು ಚಿಕ್ಕವನನ್ನು ನೋಡಿ. ಅವನು ಕಣ್ಣನ್ನು ಟಿ.ವಿ.ಯಿಂದ ಕೀಳದೆ, ಚೆಲ್ಲಿದ ಗೋರಿಕಾಯಿಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದ. ಸಂತೆಯಲ್ಲಿ ಕೂತ ಮುದುಕನಷ್ಟು ಸಮಾಧಾನ.

ಮಾತೆಲ್ಲ ಜಪಾನಿ. ಕೆಳಗೆ ಇಂಗ್ಲಿಷ್ ಸಾಲುಗಳು ಓಡುತ್ತಿದ್ದವು. ನಾನು ಮೊದಲ ಪದ ಓದಿ ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ ಸಾಲೇ ಮಾಯ. ಹುಡುಗಿ ನೋಡಿದಳು, ಪಾಪ ಅನ್ನಿಸಿರಬೇಕು, ತಾನೇ ಓದಿ ಹೇಳುತ್ತೇನೆ ಅಂದಳು. ಎಷ್ಟು ಒಳ್ಳೆಯ ಮಗು ಅಂದುಕೊಂಡೆ. ಆರೋಪಿಯನ್ನೇ ದುಭಾಷಿ ಮಾಡಿಕೊಂಡ ನ್ಯಾಯಾಧೀಶರು ನನಗಿಂತ ಮೊದಲು ಯಾರಾದರೂ ಇದ್ದಿದ್ದರೆ ನನಗೆ ತಿಳಿಯದು. ಕುರಿ ಕಾಯಲು ತೋಳನನ್ನು ಕೂರಿಸಿ ನಾನು ಗೋರಿಕಾಯಿಯ ನಾರು ತೆಗೆಯುತ್ತಿದ್ದೆ.

ಎರಡನೆಯ ಕಂತಿನಲ್ಲಿ ಆ ತಟ್ಟೆ ಬಂತು. ಕತೆಯ ಹುಡುಗಿ ಒಬ್ಬಳೇ ಮೇಜಿನ ಮುಂದೆ ಕೂತಿದ್ದಾಳೆ, ಎದುರಿಗೆ ಇನ್ನೊಂದು ತಟ್ಟೆ ಬಡಿಸಿಟ್ಟಿದೆ. ಲಿಫ್ಟಿನ ಬಾಗಿಲು ತೆರೆದು ಅವಳ ಅಪ್ಪ ಬರುತ್ತಾನೆ. ಕೋಟು ತೆಗೆಯುವುದಿಲ್ಲ. ಊಟ ನೋಡುತ್ತಾನೆ, ಉಣ್ಣುವುದಿಲ್ಲ. ಮಗಳು ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಾಳೆ. ಅವನು ಕಿಟಕಿಯ ಹತ್ತಿರ ಸ್ವಲ್ಪ ನಿಂತು ಹೊರಟುಬಿಡುತ್ತಾನೆ.

ಏನಂತೆ ಎಂದು ಕೇಳಿದೆ.

"ಅವಳ ಪಪ್ಪಾ ಡ್ಯೂಟಿಯಿಂದ ಬಂದಿದಾರೆ. ಬಹುತ್ ಥಕ್ ಗಯೇ, ತುಂಬ ಸುಸ್ತಂತೆ. ಕ್ಯಾಂಟೀನಲ್ಲೇ ಊಟ ಆಯ್ತಂತೆ. ರಜಾ ಸಿಕ್ಕಿಲ್ಲ, ಮತ್ತೆ ಹೋಗ್ಬೇಕಂತೆ."

ಅಯ್ಯೋ, ಇಷ್ಟೇನಾ! ಮಗು ಅಪ್ಪನ ದಾರಿ ಕಾಯುತ್ತ ಒಂದು ತಟ್ಟೆ ಇಟ್ಟಿದೆ, ಅದರಲ್ಲಿ ತಪ್ಪೇನು? ನಾಲ್ಕು ಕಂತು ಮುಗಿಸಿ, ತಾಯಿಯನ್ನು ಕರೆದು ತೀರ್ಪು ಕೊಟ್ಟೆ. ರಕ್ತ ಸ್ವಲ್ಪ ಹೆಚ್ಚಾಯಿತು, ಆ ಜಾಗ ಬಂದಾಗ ಓಡಿಸಿಬಿಡಲಿ. ಉಳಿದದ್ದು ಅಪ್ಪ ಮಗಳ ಕತೆ, ಚಿಕ್ಕವನೂ ಅಕ್ಕನ ಜೊತೆ ಕೂತು ನೋಡಬಹುದು, ಆ ತಟ್ಟೆಯನ್ನೂ ಇಡಲಿ ಬಿಡು ಅಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ನೀವು ಹೇಳಿದ ಮೇಲೆ ಆಯ್ತು ಅಂದಳು. ಹುಡುಗಿ ನನ್ನ ಕೈ ಹಿಡಿದು ಒತ್ತಿದಳು. ನಾನು ಆ ಇಡೀ ದಿನ ಉಬ್ಬಿಕೊಂಡೇ ಇದ್ದೆ.

ಬುಧವಾರ ಯಜಮಾನರಿಗೆ ಜ್ವರ, ನೊಯ್ಡಾದ ಆಫೀಸಿಗೆ ಹೋಗಲಿಲ್ಲ. ಸಿ.ಡಿ. ನಮ್ಮ ಪ್ಲೇಯರಿನಲ್ಲೇ ಉಳಿದಿತ್ತು. ಬೇಜಾರಿಗೆ ಹಾಕಿಕೊಂಡು ನೋಡಿದ್ದಾರೆ. ಅವರ ಕಣ್ಣಿಗೆ ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ಗಂಜಿ ಕೊಡಲು ಹೋದಾಗ, ಇದನ್ನಾ ನೀನು ಮಕ್ಕಳು ನೋಡಬಹುದು ಅಂದದ್ದು ಎಂದು ಕೇಳಿದರು. ಯಾಕೆ, ಅಪ್ಪ ದಿನಾ ಕೆಲಸದಿಂದ ಬರುತ್ತಾನಲ್ಲ, ಒಳ್ಳೆಯ ಕತೆ ತಾನೆ ಅಂದೆ.

"ಕೆಲಸದಿಂದಲ್ಲ ಕಣೇ. ಅವನು ಸತ್ತು ಒಂದು ವರ್ಷ ಆಗಿದೆ."

ಗಂಜಿಯ ಲೋಟ ಅಲ್ಲೇ ಇಟ್ಟು ಮಂಚದ ಅಂಚಿಗೆ ಕೂತೆ. ಹಿಂದಕ್ಕೆ ಹಾಕಿಸಿ, ಸಾಲುಸಾಲಿಗೂ ನಿಲ್ಲಿಸಿ ಓದಿಸಿದೆ. ಆ ಅಪ್ಪ ಪ್ರೇತ. ತಾನು ಸತ್ತದ್ದು ಅವನಿಗೇ ತಿಳಿದಿಲ್ಲ, ಅದಕ್ಕೇ ಪ್ರತಿ ಸಂಜೆ ಮನೆಗೆ ಬರುತ್ತಾನೆ. ಮಗಳು ಬಾಯಿಬಿಟ್ಟು ಹೇಳಿದ ಕ್ಷಣ ಅವನು ಇಲ್ಲವಾಗುತ್ತಾನೆ, ಹಾಗಾಗಿ ಅವಳು ಹೇಳುವುದಿಲ್ಲ. ರಜಾ ಸಿಕ್ಕಿಲ್ಲ ಎಂದು ನನಗೆ ಓದಿ ಹೇಳಿದ ಜಾಗದಲ್ಲಿ ಇದ್ದ ಮಾತು, ಅವನಿಗೆ ಇನ್ನೂ ಯಾರೂ ಹೇಳಿಲ್ಲ ಅಂತ. ಅಂದರೆ ಆ ಊಟ ನಿಜವಾಗಿಯೂ ಎಡೆಯೇ. ಕೆಳಗಿನ ಮನೆಯ ಮಗು ದಿನಾ ಸಂಜೆ ಬದುಕಿರುವ ತಂದೆಗೆ ಇಡುತ್ತಿದ್ದದ್ದೂ ಅದನ್ನೇ. ಇಡಲಿ ಬಿಡು ಅಂದವಳು ನಾನು.

ಸಿಟ್ಟೂ ಬಂತು. ಮೂರೂವರೆಗೆ ಶಾಲೆಯ ಬಸ್ಸು ಬಂದು ಹೋದದ್ದೇ ಕೆಳಗಿಳಿದೆ. ತಾಯಿ ಬರುವುದು ಐದಕ್ಕೆ. ಚಿಕ್ಕವನು ಒಳಗೆ ನಿದ್ದೆ ಮಾಡುತ್ತಿದ್ದ. ಹುಡುಗಿ ಅವನ ಟೈ ಸುತ್ತಿಡುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ದೊಡ್ಡವಳಾದ ನನಗೆ ಸುಳ್ಳು ಓದಿ ಸರ್ಟಿಫಿಕೇಟು ಗಿಟ್ಟಿಸಿದೆಯಲ್ಲ ಎಂದು ಬೈದೆ. ಅವಳು ವಾದಿಸಲಿಲ್ಲ. ಒಳಗೆ ಮಲಗಿದ್ದ ತಮ್ಮನ ಕಡೆ ನೋಡಿ ಮೆಲ್ಲಗೆ ಅಂದಳು:

"ಪುಟ್ಟ ಅಲ್ಲೇ ಕೂತಿದ್ದ ದೊಡ್ಡಮ್ಮ. ಅವನಿಗೆ ಮೊದಲಿಂದ ಹಾಗೇ ಓದಿದೀನಿ. ನಿಮಗೆ ಬೇರೆ ಹೇಗೆ ಓದ್ಲಿ?"

ನನ್ನ ಸಿಟ್ಟು ನಿಂತಲ್ಲೇ ನಿಂತಿತು. ಮಮ್ಮಿ ಬರುವವರೆಗೆ ತಮ್ಮನನ್ನು ನೋಡಿಕೊಳ್ಳಬೇಕು, ಅವನನ್ನು ಎಲ್ಲಿ ಬಿಡಲಿ, ಪಕ್ಕದಲ್ಲೇ ಕೂತು ಪ್ರತಿ ಮಾತಿಗೂ ಏನಂತೆ ಏನಂತೆ ಅನ್ನುತ್ತಾನೆ ಎಂದಳು. ಅವನ ಮುಖ ನೋಡಿಕೊಂಡೇ ಎಷ್ಟು ಬೇಕೋ ಅಷ್ಟು ಹೇಳಿದ್ದಾಳೆ. ನಮ್ಮ ಅಜ್ಜಿಯರೂ ಹಾಗೇ, ನಮ್ಮ ತುಟಿ ನಡುಗಿತೆಂದರೆ ಹಾಳುಬಾವಿಗೆ ಕಟ್ಟೆ ಕಟ್ಟಿಸಿಬಿಡುತ್ತಿದ್ದರು. ಸರಿ, ಆದರೆ ಇಂಥದ್ದನ್ನು ನೀನಾದರೂ ಯಾಕೆ ನೋಡಬೇಕು, ಏನಿದೆ ಇದರಲ್ಲಿ ಎಂದು ಕೇಳಿದೆ.

ಅವಳು ಟೈಯನ್ನು ಬಿಚ್ಚಿ ಮತ್ತೆ ಸುತ್ತಿದಳು.

"ಅವಳ ಪಪ್ಪಾ ರೋಜ್ ಮನೆಗೆ ಬರ್ತಾರೆ."

ನಾನು ಆರು ವರ್ಷದವನಿಗೆ ಇದು ಸರಿಯೋ ಅಲ್ಲವೋ ಎಂದು ತೂಗುತ್ತ ಕೂತಿದ್ದೆ. ಹದಿಮೂರು ವರ್ಷದವಳು ದೊಡ್ಡವಳು, ಅವಳಿಗೇನಾಗುತ್ತದೆ ಎಂದು ತಕ್ಕಡಿಗೇ ಹಾಕಿರಲಿಲ್ಲ. ಸತ್ತ ಅಪ್ಪನಾದರೂ ಸರಿ, ದಿನಾ ಬರುತ್ತಾನಲ್ಲ ಎಂದು ಒಂದು ಮಗು ಆಸೆಪಡುತ್ತಿದೆ. ಮಮ್ಮಿಗೆ ಹೇಳಬೇಡಿ ಎಂದು ಅವಳು ಕೈ ಹಿಡಿದುಕೊಂಡಳು. ಹೇಳುತ್ತೇನೆ ಮಗಳೇ, ಹೇಳಲೇಬೇಕು, ಆದರೆ ನಿನ್ನನ್ನು ಬಿಟ್ಟುಕೊಡದ ಹಾಗೆ ಹೇಳುತ್ತೇನೆ ಅಂದೆ.

ಸಂಜೆ ತಾಯಿಯನ್ನು ನಮ್ಮ ಅಡುಗೆಮನೆಗೆ ಕರೆದು ಎಲ್ಲ ಹೇಳಿದೆ. ಅಳುತ್ತಾಳೆ, ಇಲ್ಲವೇ ಚೀಲವನ್ನು ಬಿಸಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು.

"ನಾನೂ ಅದನ್ನೇ ಮಾಡ್ತಿದೀನಿ ಅಕ್ಕ. ಎರಡು ಭಾನುವಾರದಿಂದ ಅವರ ಫೋನೇ ಇಲ್ಲ. ನೀವು ಆಟಕ್ಕೆ ಹೋಗಿದ್ದಾಗ ಪಪ್ಪ ಮಾಡಿದ್ರು ಅಂತ ಮಕ್ಕಳಿಗೆ ಹೇಳ್ತಿದೀನಿ."

ನನಗೂ ಅವಳು ಹಾಗೇ ಹೇಳಿದ್ದಳು. ಹೋದ ಭಾನುವಾರ, ಚೆನ್ನಾಗಿದಾರಂತೆ ಎಂದು ನಕ್ಕಿದ್ದಳು. ಯಾರನ್ನಾದರೂ ವಿಚಾರಿಸಿದೆಯಾ ಎಂದರೆ, ವಿಚಾರಿಸಿದ್ದೇನೆ, ಎಲ್ಲ ಕ್ಷೇಮ, ಲೈನು ಕೆಟ್ಟಿದೆ ಅಂತಾರೆ ಅಂದಳು. ನಂಬಿದ್ದೇನೆ, ಆದರೂ ಆ ತಟ್ಟೆ ನೋಡಿದಾಗೆಲ್ಲ ಮತ್ತೆ ವಿಚಾರಿಸಬೇಕು ಅನ್ನಿಸುತ್ತದೆ ಅಂದಳು.

ಅವತ್ತು ಅವಳ ಜೊತೆ ನಾನೂ ಕೆಳಗಿಳಿದೆ. ಊಟಕ್ಕೆ ಚಿಕ್ಕವನು ಎಂದಿನಂತೆ ತಟ್ಟೆ ತಂದಿಟ್ಟ, ಅವಳು ಅನ್ನ ಬಡಿಸಿದಳು. ಆಮೇಲೆ ತಾನೇ ಆ ಜಾಗದಲ್ಲಿ ಕೂತು, ಕಲಸಿಕೊಂಡು, ಉಣ್ಣತೊಡಗಿದಳು. ಅದು ಪಪ್ಪಂದು ಎಂದು ಅವನು ಕಿರುಚಿದ. ಪಪ್ಪ ಅಲ್ಲಿ ತಮ್ಮ ತಟ್ಟೆಯಲ್ಲಿ ಉಣ್ತಿದಾರೆ, ಇದು ನಮ್ಮನೆ ಅನ್ನ, ನಾವೇ ಉಣ್ಣಬೇಕು ಎಂದು ಅವನ ಬಾಯಿಗೂ ಒಂದು ತುತ್ತು ಇಟ್ಟಳು. ಅಳುತ್ತಲೇ ನುಂಗಿದ.

ಭಾನುವಾರ ಅವರ ಮನೆಯಲ್ಲೇ ಎಲ್ಲರೂ ಕೂತು ಆ ಎರಡನೆಯ ಕಂತನ್ನು ಹಾಕಿದೆವು. ಇದ್ದದ್ದನ್ನು ಇದ್ದ ಹಾಗೆ ಓದು ಎಂದು ತಾಯಿ ಮಗಳಿಗೆ ಹೇಳಿದಳು. ಓದಿದಳು. ಅವನಿಗೆ ಇನ್ನೂ ಯಾರೂ ಹೇಳಿಲ್ಲ ಅನ್ನುವಲ್ಲಿ ದನಿ ಒಡೆಯಿತು. ಚಿಕ್ಕವನು ತಿರುಗಿ, ನಮ್ಮ ಪಪ್ಪ ಕೂಡ ಹಾಗಾ ಎಂದು ಕೇಳಿದ. ತಾಯಿ ಟಿ.ವಿ. ನಿಲ್ಲಿಸಿದಳು.

"ಅಲ್ಲ. ನಿಮ್ಮ ಪಪ್ಪ ಚೆನ್ನಾಗಿದಾರೆ, ದೂರ ಇದಾರೆ ಅಷ್ಟೇ. ಆದ್ರೆ ಫೋನ್ ಬಂತು ಅಂತ ನಾನು ಎರಡು ಸಲ ಸುಳ್ಳು ಹೇಳಿದೆ. ಇನ್ನು ಹೇಳಲ್ಲ."

"ನಂಗೆ ಗೊತ್ತಿತ್ತು ಮಮ್ಮಿ" ಅಂದಳು ಹುಡುಗಿ. "ಮೊಬೈಲ್ ತೆಗೆದು ನೋಡಿದ್ದೆ. ಕಾಲ್ ಬಂದೇ ಇರಲಿಲ್ಲ. ನೀವು ನಮಗೆ ಏನೋ ಹೇಳ್ತಿಲ್ಲ ಅಂದ್ಕೊಂಡೆ."

ಅವಳು ಏನೆಂದುಕೊಂಡಿದ್ದಳು, ಎಷ್ಟು ದಿನ ಅದನ್ನು ಹೊತ್ತುಕೊಂಡು ತಮ್ಮನ ಟೈ ಸುತ್ತಿಟ್ಟಿದ್ದಳು ಎಂಬುದು ಆಗ ನಮ್ಮಿಬ್ಬರಿಗೂ ಹೊಳೆಯಿತು. ತಾಯಿ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಹದಿಮೂರು ವರ್ಷದ ಉದ್ದನೆಯ ಕಾಲುಗಳು ಸೋಫಾದಿಂದ ಆಚೆ ಚಾಚಿಕೊಂಡಿದ್ದವು.

ನನ್ನ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡೆ. ಚಿಕ್ಕವನಿಗೆ ಈಗ ಬೇಡವೇ ಬೇಡ. ಶಾಲೆ ಬಿಟ್ಟಾಗಿನಿಂದ ಅಮ್ಮ ಬರುವವರೆಗೆ ಅವನು ನಮ್ಮ ಮನೆಯಲ್ಲಿ ಇರಲಿ. ದೊಡ್ಡವಳು ನೋಡಬಹುದು, ಆದರೆ ಒಬ್ಬಳೇ ಅಲ್ಲ. ಪಕ್ಕದಲ್ಲಿ ಅಮ್ಮನೋ ನಾನೋ ಇರಬೇಕು. ಚೀಲ ಮುನಿರ್ಕಾಕ್ಕೆ ಹೋಗಲಿಲ್ಲ.

ಆ ಭಾನುವಾರವೂ ಫೋನು ಬರಲಿಲ್ಲ. ಬರಲಿಲ್ಲ ಎಂದೇ ತಾಯಿ ಮಕ್ಕಳಿಗೆ ಹೇಳಿದಳು. ಸೋಮವಾರವೂ ಇಲ್ಲ. ಮಂಗಳವಾರ ಸಂಜೆ ಆರರ ಹೊತ್ತಿಗೆ ಬಂತು. ಹುಡುಗಿ ಎತ್ತಿಕೊಂಡು, "ಪಪ್ಪಾ" ಅಂದಳು.