ತಲೆ ಎಣಿಸುವವಳು

ಸ್ಯೊಂಬುವಾ ಅಂಗಳಕ್ಕೆ ಕಾಲಿಟ್ಟಳೆಂದರೆ ಸಾಕು, ಮಕ್ಕಳು ಮಂಗಮಾಯ. ಕಿಟುಯಿ ಸೀಮೆಯ ಆ ಊರಿನಲ್ಲಿ ಒಂಬತ್ತು ವರ್ಷದಿಂದ ಆರೋಗ್ಯದ ಕೆಲಸಕ್ಕೆಂದು ಬಿಟ್ಟಿ ಅಲೆಯುತ್ತಿದ್ದವಳು ಅವಳು. ತೊಂಬತ್ತಾರು ಮನೆ ಅವಳ ಪಾಲು. ಜ್ವರದ ಗುಳಿಗೆ, ಭೇದಿಯ ಪುಡಿ, ಕೆಮ್ಮಿನ ಔಷಧಿ, ಒಂದು ಗಡಿಯಾರ, ಒಂದು ದಪ್ಪ ಪುಸ್ತಕ, ಇಷ್ಟನ್ನೂ ಕತ್ತಾಳೆ ನಾರಿನ ಚೀಲದಲ್ಲಿ ತುಂಬಿಕೊಂಡು ಬಿಸಿಲಲ್ಲಿ ಮನೆಮನೆ ತಿರುಗುತ್ತಿದ್ದಳು. ಹೆಂಗಸು ಒಳ್ಳೆಯವಳೇ. ಆದರೆ ಯಾರು ನಂಬಬೇಕು?

ಎಲ್ಲಕ್ಕೂ ಆ ಪುಸ್ತಕವೇ ಮೂಲ. ಯಾವ ಮನೆಯಲ್ಲಿ ಎಷ್ಟು ಮಕ್ಕಳು ಎಂದು ಅದರಲ್ಲಿ ಬರೆಯಬೇಕಿತ್ತು. ಆ ಊರವರು ಮೇಕೆ ಎಣಿಸುತ್ತಾರೆ, ಮಕ್ಕಳನ್ನು ಎಣಿಸುವುದಿಲ್ಲ. ಎಣಿಸಿದರೆ ಒಂದು ಕಡಿಮೆಯಾಗುತ್ತದೆಂಬ ಭಯ. ಅದೇ ಮಣ್ಣಲ್ಲಿ ಹುಟ್ಟಿದ ಸ್ಯೊಂಬುವಾಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಹೋದ ವರ್ಷ, ಮೇಲಿನವರು ಅವಸರ ಮಾಡಿದರೆಂದು, ಕಲುಂಡೆ ಮುದುಕಿಯ ಅಂಗಳದಲ್ಲಿ ನಿಂತು ಬೆರಳು ತೋರಿಸುತ್ತ ಒಂದು, ಎರಡು, ಮೂರು, ನಾಲ್ಕು ಎಂದುಬಿಟ್ಟಳು. ನಾಲ್ಕನೆಯದು ಮುದುಕಿಯ ಮೊಮ್ಮಗಳು ಕವುಲಾ. ಎರಡು ವರ್ಷದ ಕೂಸು. ಐದನೆಯ ದಿನ ಕೆಮ್ಮಿ ಕೆಮ್ಮಿ ತೀರಿಕೊಂಡಿತು.

ಅಂದಿನಿಂದ ಸ್ಯೊಂಬುವಾಗೆ 'ತಲೆ ಎಣಿಸುವವಳು' ಎಂದೇ ಹೆಸರು ಬಿತ್ತು. ಎಣಿಸಿದ್ದಕ್ಕೆ ಯಾರಾದರೂ ಸಾಯುತ್ತಾರೆಯೇ ಎಂದು ಅವಳು ಕಂಡಕಂಡವರ ಮುಂದೆ ವಾದ ಮಾಡಿದಳು. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ವರ್ಷ ಅದೇ ಅಂಗಳಕ್ಕೆ ಬಂದಾಗ ಕಲುಂಡೆ ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಸೊಸೆ ಕನಿನಿ ಒಲೆಯ ಮುಂದಿದ್ದಳು.

"ಚೆನ್ನಾಗಿದೀರಾ ಅಜ್ಜಿ?"

"ನೀನು ಬರೋ ತಂಕ ಚೆನ್ನಾಗೇ ಇದ್ವಿ."

"ಮಕ್ಕಳೆಲ್ಲಿ?"

"ಮೇಕೆ ಹೊಡ್ಕೊಂಡು ಹೋಗವೆ. ಹೋಗು, ಮೇಕೆ ಎಣಿಸ್ಕೋ."

ಸ್ಯೊಂಬುವಾಳ ಕಣ್ಣು ಹಗ್ಗದ ಮೇಲಿತ್ತು. ಅಲ್ಲೊಂದು ಅಂಗೈಯಗಲದ ಅಂಗಿ ಒಣಗುತ್ತಿತ್ತು. ಈ ಮನೆಯಲ್ಲಿ ಅಷ್ಟು ಸಣ್ಣ ಕೂಸು ಇದೆಯೆಂದು ಯಾರೂ ಹೇಳಿರಲಿಲ್ಲ.

"ಈ ಅಂಗಿ ಯಾರ್ದಜ್ಜಿ?"

"ನಂದೇ. ಮದುವೆ ಮನೆಗೆ ಹೋಗೋವಾಗ ಹಾಕ್ಕೋತೀನಿ."

ಅಷ್ಟರಲ್ಲಿ ಒಳಗಿಂದ ಕೆಮ್ಮು ಕೇಳಿಸಿತು. ಸಣ್ಣ ಕೆಮ್ಮು, ಬೆನ್ನಿಗೇ ಗೊರಗೊರ. ಮುದುಕಿ ಗಬಕ್ಕನೆ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಒಂದನ್ನ ತಿಂದಿದ್ದು ಸಾಲ್ದೇನೇ ನಿಂಗೆ? ಹೊಸಿಲು ದಾಟಿದ್ರೆ ಕಾಲು ಮುರೀತೀನಿ!"

ಸ್ಯೊಂಬುವಾಗೆ ರೇಗಿತು. ಇವರು ಇನ್ನೂ ಏನೇನು ಬಚ್ಚಿಟ್ಟಿದ್ದಾರೋ, ಎಷ್ಟು ದಿನದಿಂದ ಈ ಕೆಮ್ಮೋ! ಪುಸ್ತಕ ತೆಗೆದು ಮುದುಕಿಯ ಕಾಲ ಬಳಿ ಎಸೆದಳು. "ತಗೋ, ಇದರ ಮೇಲೇ ಕೂತ್ಕೋ. ನೀನು ಎದ್ರೆ ತಾನೇ ನಾನು ಬರೆಯೋದು?"

ಮುದುಕಿ ನಿಜಕ್ಕೂ ಪುಸ್ತಕದ ಮೇಲೆ ಕುಕ್ಕರಿಸಿದಳು. ಅದೇ ಸಮಯ ಸಾಧಿಸಿ ಕನಿನಿ ಒಳಗೋಡಿ ಮಗುವನ್ನು ಎತ್ತಿ ತಂದಳು. ಹತ್ತು ತಿಂಗಳ ಗಂಡು, ಮುಲಿ. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಸ್ಯೊಂಬುವಾ ಗಡಿಯಾರ ಹಿಡಿದು ಎದೆಯನ್ನೇ ನೋಡತೊಡಗಿದಳು.

"ಅಯ್ಯಯ್ಯೋ, ತುಟಿ ಅಲ್ಲಾಡ್ತದೆ! ಎಣಿಸ್ತಾವ್ಳೆ ಕಣೇ!" ಎಂದು ಮುದುಕಿ ಮಗುವನ್ನು ಕಿತ್ತುಕೊಂಡಳು.

"ಉಸಿರು ಅಜ್ಜಿ, ಉಸಿರು ಎಣಿಸ್ತಿದೀನಿ!"

"ತಲೆಯಾದ್ರೇನು, ಉಸಿರಾದ್ರೇನು? ಅವನದ್ದೇ ಅಲ್ವಾ?"

ಸ್ಯೊಂಬುವಾ ತುಟಿ ಕಚ್ಚಿದಳು. ಆಮೇಲೆ ತೊಗರಿಯ ಬುಟ್ಟಿಯನ್ನು ಮುದುಕಿಯ ಮುಂದಕ್ಕೆ ತಳ್ಳಿ, ಪಕ್ಕದಲ್ಲೊಂದು ಖಾಲಿ ಬಟ್ಟಲಿಟ್ಟಳು. "ಆಯ್ತು, ನಾನು ಎಣಿಸಲ್ಲ. ಅವನು ಒಂದ್ಸಲ ಉಸಿರೆಳೆದ್ರೆ ನೀನು ಒಂದು ಕಾಳು ಬಟ್ಟಲಿಗೆ ಹಾಕು. ನಾನು ಸಾಕು ಅಂದಾಗ ನಿಲ್ಲಿಸು. ಕಾಳು ಎಣಿಸೋಕೇನೂ ದೋಷ ಇಲ್ವಲ್ಲ?"

ಮುದುಕಿ ಅವಳನ್ನು ದುರುಗುಟ್ಟಿ ನೋಡಿದಳು. ಇದರಲ್ಲೂ ಏನೋ ಮಸಲತ್ತಿದೆ ಎಂದೇ ಅವಳಿಗೆ ಅನುಮಾನ. ಆದರೂ ಮಗುವನ್ನು ಸೊಸೆಯ ಮಡಿಲಿಗೆ ಕೊಟ್ಟು, ಕಾಳು ಹಾಕತೊಡಗಿದಳು. ಮೊದಮೊದಲು ಬೇಕೋ ಬೇಡವೋ ಎಂಬಂತೆ ಹಾಕಿದವಳಿಗೆ ಬರಬರುತ್ತ ಉಸಿರಿನ ವೇಗಕ್ಕೆ ಕೈ ಓಡಿಸುವುದೇ ಕಷ್ಟವಾಯಿತು. ಒಂದು ನಿಮಿಷಕ್ಕೆ ಸ್ಯೊಂಬುವಾ ಸಾಕು ಎಂದಳು.

"ಈ ವಯಸ್ಸಿನ ಕೂಸಿಗೆ ಐವತ್ತು ಮುಟ್ಟಬಾರದು ಅಜ್ಜಿ. ನೀನೇ ನೋಡು."

ಮುದುಕಿ ಬಟ್ಟಲು ಸುರಿದು ಐವತ್ತನ್ನು ಒಂದು ಕಡೆ ಸರಿಸಿದಳು. ಇನ್ನೂ ಹದಿನೇಳು ಉಳಿದವು. ಅವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು.

ಸ್ಯೊಂಬುವಾ ಔಷಧಿಯ ಮೊದಲ ಗುಟುಕನ್ನು ಮಗುವಿಗೆ ಕುಡಿಸಿ, ಆಸ್ಪತ್ರೆಗೆ ಹೋಗಲು ಬಾಡಿಗೆಯ ಬೈಕಿನವನಿಗೆ ಫೋನು ಮಾಡಿದಳು. ಬೈಕು ಬಂತು. ಕನಿನಿ ಮಗುವನ್ನು ಅವುಚಿಕೊಂಡು ಹತ್ತುವಾಗ ಮುದುಕಿ ಕೇಳಿದಳು:

"ನಮ್ಮ ಕವುಲಾಗೂ ಹಿಂಗೇ ಕಾಳು ಹಾಕಿದ್ರೆ ಗೊತ್ತಾಗ್ತಿತ್ತಾ?"

ಸ್ಯೊಂಬುವಾ ಇಲ್ಲ ಎನ್ನಬಹುದಿತ್ತು. ಕಾಯಿಲೆ ಆಮೇಲೆ ಬಂತು ಎಂದಿದ್ದರೂ ನಡೆಯುತ್ತಿತ್ತು.

"ಗೊತ್ತಾಗ್ತಿತ್ತು ಅಜ್ಜಿ. ನಾನು ಬಂದ ದಿನಾನೇ ಅವಳು ಕೆಮ್ತಿದ್ಲು. ನಾನು ಬರ್ಕೊಂಡು ಹೊರಟುಬಿಟ್ಟೆ."

ಮುದುಕಿ ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋಗಿ ಕನಿನಿಯ ಹಿಂದೆ ಬೈಕಿಗೆ ಹತ್ತಿಸಿದಳು.

"ಈ ಸಲ ಕೂಸನ್ನ ಬಿಟ್ಟು ಹೋಗಕೂಡದು. ಅವನು ಬಂದ ದಿನಾನೇ ನೀನೂ ಈ ಊರಿಗೆ ಬಾ. ಅವನು ಬರದಿದ್ರೆ ನೀನೂ ಬರಬೇಡ."