ಒಬ್ಬರ ಮೇಲೆ ಒಂದೇ ಸಲ

ಅಂದು ಅಪ್ಪ ಹಳಿಯಾಳದ ಬಸ್ಸಿಗೆ ದಾಂಡೇಲಿಗೆ ಬಂದಿದ್ದರು. ಜೋಳದ ಹಿಟ್ಟಿನ ಚೀಲ ಇಳಿಸಿ ಕೈಕಾಲು ತೊಳೆದುಕೊಂಡು ಕೂತರು. ನಮ್ಮ ಮನೆಯವರಿಗೆ ಮಧ್ಯಾಹ್ನದ ಪಾಳಿ. ಕಾಗದದ ಮಿಲ್ಲಿನ ಭೋಂಗಾ ಕೂಗಲು ಇನ್ನೂ ಹೊತ್ತಿತ್ತು. ಅವರು ಮೊದಲ ಬಾರಿಗೆ ಅಪ್ಪನ ಮುಂದೆ ಬುದ್ಧಿಬಳದ ಮಣೆ ಇಟ್ಟು ಕಾಯಿ ಜೋಡಿಸತೊಡಗಿದಾಗ ನನಗೆ ಅಲ್ಲೇ ದಣಿವಾಯಿತು. ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಪ್ಪ ಬೋನಿಗೆ ಬೀಳುತ್ತಾರೆ, ಇವರು ನಗುತ್ತಾರೆ, ನಾನು ಚಹಾ ತಂದಿಡುತ್ತೇನೆ.

ನಮ್ಮ ಮನೆಯವರಿಗೆ ಬರುತ್ತಿದ್ದದ್ದು ಒಂದೇ ಬೋನು. ರಾಜನ ಮುಂದಿನ ಪ್ಯಾದೆ ಸರಿಸಿ, ಒಂಟೆಯನ್ನು ಓರೆಗೆ ಬಿಟ್ಟು, ವಜೀರನನ್ನು ಹೊರಗೆ ತಂದು, ಎದುರಿನವನ ರಾಜನ ಮಗ್ಗುಲ ಪ್ಯಾದೆಯನ್ನು ಹೊಡೆಯುವುದು. ನಾಲ್ಕು ನಡೆ, ಆಟ ಮುಗಿಯಿತು. ಅದನ್ನು ಅವರಿಗೆ ಕಲಿಸಿದವನು ಜೊತೆಗೆ ಬಿದಿರು ಕತ್ತರಿಸುತ್ತಿದ್ದ ಬೆಳಗಾವಿ ಕಡೆಯವನು. ಆದರೆ ಅದು ಒಬ್ಬರ ಮೇಲೆ ಒಂದೇ ಸಲ ನಡೆಯುತ್ತಿತ್ತು. ಒಮ್ಮೆ ಬಿದ್ದವನು ಮತ್ತೆ ಬೀಳುತ್ತಿರಲಿಲ್ಲ. ಹಾಗಾಗಿ ಅವರಿಗೆ ಸದಾ ಹೊಸಬರು ಬೇಕಾಗುತ್ತಿದ್ದರು.

ಆಗ ದಾಂಡೇಲಿಯಲ್ಲಿ ಹೊಸಬರಿಗೇನು ಕಡಿಮೆ. ಮಿಲ್ಲು ಶುರುವಾಗಿ ಬಹಳ ದಿನವಾಗಿರಲಿಲ್ಲ. ಧಾರವಾಡದಿಂದ, ಬೆಳಗಾವಿಯಿಂದ ಟ್ರಂಕು ಹೊತ್ತುಕೊಂಡು ಜನ ಬಂದಿಳಿಯುತ್ತಲೇ ಇದ್ದರು. ನಮ್ಮ ಸಾಲಿನ ಮನೆಗೆ ಯಾರೇ ಬರಲಿ, ಅವರ ಸಾಮಾನು ಇಳಿಸಲು ಮೊದಲು ಓಡುತ್ತಿದ್ದವರು ಇವರೇ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೊಗಳುತ್ತಿದ್ದರು. ಸಂಜೆ ಆ ಹೊಸಬ ನಮ್ಮ ಮನೆಯಲ್ಲಿ ಸೋತು ಚಹಾ ಕುಡಿಯುತ್ತಿದ್ದ.

ನಾನು ಒಲೆಯ ಮುಂದೆ ಕೂತೇ ಆ ಆಟವನ್ನು ಕಲಿತೆ. ಕಾಯಿಗಳು ಹೇಗೆ ನಡೆಯುತ್ತವೆ, ಬೋನು ಎಲ್ಲಿದೆ, ಎಲ್ಲಾ ಕಂಡಿದ್ದೆ. ನನ್ನ ಜೊತೆಗೂ ಒಂದು ಆಟ ಆಡಿರಿ ಎಂದು ಎಷ್ಟೋ ಸಲ ಕೇಳಿದ್ದೆ.

"ನಿನಗ ಎಲ್ಲಾ ಗೊತ್ತೈತಿ. ಗೊತ್ತಿದ್ದವರ ಜೋಡಿ ಆಡಿದ್ರ ಏನ್ ಮಜಾ?" ಎನ್ನುತ್ತಿದ್ದರು. "ಹೊಸಾದೊಂದು ಬೋನು ಸಿಗಲಿ. ಮೊದಲ ನಿನ್ನನ್ನ ಕೆಡವ್ತೇನಿ."

"ಸೋಲಾಕೂ ನಿಮ್ಮ ಮುಂದ ಪಾಳಿ ಹಚ್ಚಬೇಕೇನ್ರಿ?" ಎನ್ನುತ್ತಿದ್ದೆ.

ಅವರು ನಗುತ್ತಿದ್ದರು. ನಾನು ಕೇಳುತ್ತಿದ್ದದ್ದು ಗೆಲ್ಲುವುದಕ್ಕಲ್ಲ. ಊರಿಗೆಲ್ಲ ಸಿಕ್ಕ ಆ ನಗು, ಆ "ಬಿದ್ರಿ ನೋಡ್ರಿ!" ಒಮ್ಮೆ ನನಗೂ ಸಿಗಲಿ ಎಂಬ ಆಸೆಯಿತ್ತು.

ಅಂದು ಅಪ್ಪನ ಮುಂದೆ ಎಲ್ಲ ಎಂದಿನಂತೆ ನಡೆಯಿತು. ಪ್ಯಾದೆ ಸರಿಯಿತು, ಒಂಟೆ ಬಂತು, ವಜೀರ ಹೊರಬಿದ್ದ. ನಾನು ಚಹಾ ಸೋಸಲು ಬಗ್ಗಿದೆ. ಆಗ ಅಪ್ಪ ತಮ್ಮ ರಾಜನನ್ನು ಎತ್ತಿ, ಪ್ಯಾದೆಗಳನ್ನು ದಾಟಿಸಿ, ಬಯಲಲ್ಲಿ ತಂದು ನಿಲ್ಲಿಸಿದರು.

"ಇದೇನ್ರಿ ಮಾವಾರ! ರಾಜ ಕುದರಿ ಹಂಗ ಹಾರಿದ್ನಲ್ಲ?"

"ಒಂದ ಸಲ ಹಾರಬಹುದು. ರಾಜಗ ಶಹ ಬೀಳೂಕಿಂತ ಮೊದಲ. ನಮ್ಮ ಊರಾಗ ಹಂಗ."

"ಮಿಲ್ಲಿನ್ಯಾಗ ಹಿಂಗ ನಡ್ಯಾಂಗಿಲ್ರಿ."

"ನಾ ಏನ್ ಮಿಲ್ಲಿನ್ಯಾಗ ಕೂತೇನೇನು? ಮಗಳ ಮನ್ಯಾಗ ಕೂತೇನಿ. ಈಗ ಆಟ ಚಾಲೂ ಆತು ನೋಡ್ರಿ. ಆಡ್ರಿ ಅಳಿಯಂದಿರ."

ಆದರೆ ಇವರಿಗೆ ಆಡಲು ಬರಬೇಕಲ್ಲ. ನಾಲ್ಕು ನಡೆಯ ಆಚೆಗೆ ಅವರು ಹೋದದ್ದೇ ಕಡಿಮೆ. ಮಣೆಯನ್ನು ನೋಡಿದರು, ಕತ್ತು ತುರಿಸಿಕೊಂಡರು, ನನ್ನತ್ತ ನೋಡಿದರು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಅವರ ವಜೀರ ಅಪ್ಪನ ಕೈಯಲ್ಲಿದ್ದ. ಆಗ ಭೋಂಗಾ ಕೂಗಿತು.

"ಭೋಂಗಾ ನಿಮ್ಮನ್ನ ಉಳಸ್ತು, ಹೋಗಿ ಬರ್ರಿ," ಎಂದು ಅಪ್ಪ ನಕ್ಕರು.

ಇವರು ಅಂಗಿ ಹಾಕಿಕೊಂಡು ಹೊಸ್ತಿಲು ದಾಟಿದವರು ತಿರುಗಿ ಬಂದರು. ನನಗೆ ಮಾತ್ರ ಕೇಳುವಂತೆ ಹೇಳಿದರು. "ಮಾವಾರು ರಾಜನ್ನ ಹಾರಿಸಿದ್ದು ನೋಡಿ ನನಗ ಹೊಸಾದೊಂದು ಹೊಳದೈತಿ. ನಾಳೆ ಮುಂಜಾನೆ ಚಹಾ ಕುಡೀತ ಕೂಡೂಣು. ನಿನ್ನ ಮ್ಯಾಲೆ ಮೊದಲ."

"ಖರೇನ?"

"ಖರೇನ. ತಯಾರಾಗಿರು, ಬೀಳ್ತಿ."

ಆ ಪಾಳಿ ಮುಗಿಯುವ ಮೊದಲೇ ಅವರನ್ನು ಜೊತೆಗಾರರು ಹೊತ್ತು ತಂದರು. ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಅವರಿಗಿನ್ನೂ ಕೂದಲು ನೆರೆತಿರಲಿಲ್ಲ.

ಮಾತಾಡಿಸಲು ಬಂದವರು ಗೋಡೆಗೊರಗಿ ಕೂತು ಬೇರೆ ಮಾತು ಸಿಗದೆ ಅದನ್ನೇ ಹೇಳಿದರು. "ನಾ ಬಂದ ದಿನಾನ ನನ್ನನ್ನ ಕೆಡವಿದ್ರು." "ನನ್ನ ಟ್ರಂಕ್ ಇಳಿಸಿ ಕೆಡವಿದ್ರಲ್ಲೋ." ಅಳುತ್ತಲೇ ಒಬ್ಬಿಬ್ಬರು ನಕ್ಕರು. ಆ ಮನೆಯಲ್ಲಿ ಕೂತ ಪ್ರತಿಯೊಬ್ಬರ ಬಳಿಯೂ ಅವರ ಒಂದು ಆಟವಿತ್ತು. ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ.

ಮನೆ ಬಿಟ್ಟುಕೊಟ್ಟು ಅಪ್ಪನ ಜೊತೆ ಊರಿಗೆ ಹೋದೆ. ಟ್ರಂಕಿನಲ್ಲಿ ಮಣೆಯೂ ಬಂತು. ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಕಾಯಿ ಜೋಡಿಸಿ ನೋಡುತ್ತಿದ್ದೆ. ರಾಜನನ್ನು ಅಪ್ಪನ ಹಾಗೆ ಹಾರಿಸುತ್ತಿದ್ದೆ. ಅಲ್ಲಿಂದ ಅವರಿಗೆ ಏನು ಕಂಡಿರಬಹುದು? ಒಂಟೆಯೋ, ಕುದುರೆಯೋ? ಹಾರುವ ಮೊದಲೇ ಶಹ ಕೊಟ್ಟುಬಿಟ್ಟರೆ? ಪ್ರತಿ ದಾರಿಯಲ್ಲೂ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಎರಡೂ ಕಡೆ ನಾನೇ ಕೂತರೆ ಬೀಳುವುದು ಹೇಗೆ?

ಬೋನು ಕಲಿಸಿದ ಆ ಬೆಳಗಾವಿಯವನು ಒಮ್ಮೆ ನಮ್ಮೂರಿಗೆ ಬಂದಾಗ ಕೇಳಿದೆ. "ನನಗೇನೂ ಹೇಳ್ಲಿಲ್ರಿ ವೈನಿ. ಅವತ್ತು ಕೆಲಸದಾಗ ತಮ್ಮಷ್ಟಕ್ಕ ತಾವ ನಗಾಕ್ಹತ್ತಿದ್ರು, ಅಷ್ಟ," ಎಂದ.

ಅಪ್ಪನನ್ನೂ ಕೇಳಿದೆ. ಅವರು ಬಹಳ ಹೊತ್ತು ಮಣೆ ನೋಡಿದರು. "ಏನೂ ಇರಲಿಕ್ಕಿಲ್ಲ ತಂಗಿ. ಸೋತ ಸಿಟ್ಟಿಗೆ ನಿನ್ನ ಮುಂದ ಹಂಗ ಅಂದಿರಬೇಕು."

ಇರಬಹುದು. ಆದರೆ ಅವರು ಹೊಸ್ತಿಲಿನಿಂದ ತಿರುಗಿ ಬಂದಿದ್ದರು. ಸೋತ ಮುಖ ನನಗೆ ಗೊತ್ತು, ಬಂದವರದ್ದೆಲ್ಲ ನೋಡಿದ್ದೆ. ಅದು ಸೋತ ಮುಖವಾಗಿರಲಿಲ್ಲ.

ಈಗ ಹುಡುಕುವುದನ್ನು ಬಿಟ್ಟಿದ್ದೇನೆ. ಕಾಯಿಗಳೆಲ್ಲ ಇವೆ, ಒಂದೂ ಕಳೆದಿಲ್ಲ. ಆ ಹೊಸ ಬೋನು ಯಾವುದೆಂದು ಮಾತ್ರ ನನಗೆ ಗೊತ್ತಿಲ್ಲ.