ಎರಡು ಗೀರಿನ ಪಿತ್ತಳೆ ಬುಷ್

ಅವರ ಬಲಗೈ ಹೆಬ್ಬೆರಳಿನ ಉಗುರು ಒಂದು ಬದಿಗೆ ಓರೆಯಾಗಿ ಸವೆದಿತ್ತು. ನಲವತ್ತು ವರ್ಷ ಅರ ಹಿಡಿದು ಬೀಗ ಉಜ್ಜಿದ ಕೈ ಅದು. ಲೋಹದ ಜೊತೆಗೆ ಉಗುರೂ ಅಷ್ಟಷ್ಟೇ ಹೋಗಿತ್ತು. ಬೆರಳಿನ ಗೆರೆಗಳಲ್ಲಿ ಪಿತ್ತಳೆಯ ಹಸಿರು ಕೂತಿತ್ತು. ಊಟಕ್ಕೆ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು, ಆದರೂ ಹೋಗುತ್ತಿರಲಿಲ್ಲ.

ಮೊಮ್ಮಕ್ಕಳೇ, ನಮ್ಮ ಹಳೆಯ ಬಿಳಿ ಕಾರಿನ ಗೇರ್ ರಾಡು ಹಿಡಿದರೆ ಅಂಗೈಯಲ್ಲಿ ಗುಂಯ್ ಎನ್ನುತ್ತದೆ, ಅದು ಏಕೆ ಅವ್ವಾ ಎಂದು ಹೋದ ರಜೆಯಲ್ಲಿ ಕೇಳಿದಿರಿ. ಹಳೇ ವಂಡಿ, ಹಾಗೇ ಇರುತ್ತದೆ ಎಂದು ಹೇಳಿ ನಾನು ಒಳಗೆ ಹೋದೆ. ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ಬರೆದರೆ ಆದೀತು. ಆ ಸದ್ದನ್ನು ಅಲ್ಲಿ ಕೂರಿಸಿದವರು ಇವರು.

ಅವರು ದಿಂಡಿಗಲ್ಲಿನಲ್ಲಿ ಬೀಗ ಮಾಡುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ, ಪಟ್ಟರೆಯಲ್ಲಿ, ಅದೇ ಬೀಗದ ಕಾರ್ಖಾನೆಯಲ್ಲಿ, ಕೆಲಸವೂ ಕಡಿಮೆಯಾದ ಮೇಲೆ, ಕಂಬಂ ಪಕ್ಕದ ನಮ್ಮೂರಿಗೆ, ನಮ್ಮ ಗೋಡೆಯ ಆಚೆಯ ಮನೆಗೆ ಬಂದರು. ಅದು ಅವರ ಮಗಳ ಮನೆ. ಮಗಳು ಶಾಲೆಯ ಟೀಚರ್. ಅವರ ಮನೆಮಾತೂ ನಮ್ಮದೇ ಕನ್ನಡ, ಅರ್ಧಕ್ಕರ್ಧ ತಮಿಳು ಬೆರೆತದ್ದು. ನಮ್ಮ ಜನರೇ ಆದ್ದರಿಂದ ಅವರನ್ನು ಏನಾದರೂ ಕರೆಯಬೇಕಿತ್ತು. ಕುಲ ನೋಡಿದರೆ ವರಸೆಯಲ್ಲಿ ಅವರು ನನಗೆ ಭಾವನಾಗಬೇಕು. ಅಣ್ಣ ಎನ್ನಲು ವರಸೆ ಬಿಡಲಿಲ್ಲ, ಭಾವ ಎನ್ನಲು ನಾಚಿಕೆ ಬಿಡಲಿಲ್ಲ. ನಿಮ್ಮ ತಾತ ಹೋಗಿ ಆಗ ಎರಡು ವರ್ಷವಾಗಿತ್ತು. ಗಂಡ ಇಲ್ಲದವಳು ಗೋಡೆಯಾಚೆಯ ಗಂಡಸನ್ನು ಭಾವ ಎಂದು ಕೂಗುವುದುಂಟೇ? ಹಾಗಾಗಿ ನಾನು ಅವರನ್ನು ಏನೂ ಕರೆಯಲಿಲ್ಲ. ಅವರು ಮಾತ್ರ ಮೊದಲ ದಿನವೇ ನನಗೊಂದು ಹೆಸರು ಹುಡುಕಿಕೊಂಡರು. ತಾಯಿ ಎಂದರು. ತೇಣಿ ಕಡೆ ಚಿಕ್ಕ ಹುಡುಗಿಯಿಂದ ಹಿಡಿದು ಎಲ್ಲರನ್ನೂ ಹಾಗೆ ಕರೆಯುತ್ತಾರೆ, ಯಾರೂ ಕಣ್ಣು ಕೆಂಪಗೆ ಮಾಡುವುದಿಲ್ಲ.

ಕಾರು ನಿಮ್ಮ ತಾತನದು. ಕೊನೆಗಾಲದಲ್ಲಿ ಕಣ್ಣು ಮಂಜಾದಾಗ ನನಗೆ ಓಡಿಸಲು ಕಲಿಸಿ ಲೈಸೆನ್ಸ್ ಕೂಡ ಮಾಡಿಸಿಕೊಟ್ಟಿದ್ದರು. ಅವರು ಹೋದ ಮೇಲೆ ನಾನು ಕಾಲುವೆ ದಾರಿಯಲ್ಲಿ ದ್ರಾಕ್ಷಿ ತೋಟಕ್ಕೆ ಹೋಗಿ ಬರುವೆ, ಅಷ್ಟೇ. ಯಾರನ್ನೂ ಕೇಳದೆ ನಾನು ಮಾಡುತ್ತಿದ್ದ ಕೆಲಸ ಅದೊಂದೇ. ಆ ವರ್ಷ ಗೇರು ಕೆಟ್ಟಿತು. ರಾಡು ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಆಡುತ್ತಿತ್ತು. ಒಂದು ದಿನ ಕಾಲುವೆ ಏರಿಯಲ್ಲಿ ಮೊದಲನೇ ಗೇರು ಹಾಕಿದರೆ ಮೂರನೆಯದು ಬಿತ್ತು. ಕಾರು ನಿಂತಿತು. ಹಿಂದೆ ಟ್ರ್ಯಾಕ್ಟರಿನಲ್ಲಿ ನಮ್ಮ ಓರಗಿತ್ತಿಯ ಗಂಡ.

"ಏನತ್ತಿಗೆ, ಎತ್ತು ಕಟ್ಟಿ ಎಳೀಲಾ?" ಎಂದು ಕೂಗಿದರು. ಟ್ರ್ಯಾಕ್ಟರಿನಲ್ಲಿದ್ದವರೆಲ್ಲ ನಕ್ಕರು.

ನಿಮ್ಮ ಅಪ್ಪ ಫೋನಿನಲ್ಲಿ, "ಮಾರಿಬಿಡಮ ಅಮ್ಮಾ, ನಿನಗ್ಯಾಕೆ ಈ ಕಷ್ಟ" ಎಂದ. ನಾನು ಮಾರುವ ಮಾತಾಡಿದ್ದು ಅವರಿಗೆ ಕೇಳಿಸಿತ್ತೋ ಏನೋ, ಮರುದಿನ ಬೆಳಗ್ಗೆ ಗೋಡೆಯ ಆಚೆಯಿಂದ ದನಿ ಬಂತು: "ತಾಯಿ, ಕಾರಿನ ಸಾವಿ ಕೊಡು. ಮಾರೋ ಮುಂಚೆ ಒಂದು ಸಲ ಬಾಯಿ ತೆಗೆಸಿ ನೋಡಮ."

ಕೊಟ್ಟಿಗೆಯಲ್ಲೇ ಕೆಲಸ. ಚಕ್ರಗಳಿಗೆ ಕಲ್ಲು ಕೊಟ್ಟರು. ರಾಡಿನ ಬುಡದ ನಾಲ್ಕು ತಿರುಪು ಬಿಚ್ಚಿ, ಅದನ್ನು ಮುಚ್ಚಿದ್ದ ಪೆಟ್ಟಿಗೆ ಎತ್ತಿ, ನನ್ನ ಕೈಗೆ ಟಾರ್ಚು ಕೊಟ್ಟರು. ರಾಡಿನ ಬುಡದಲ್ಲಿ ಒಂದು ಅಡ್ಡ ಮೊಳೆ. ಅದರ ಎರಡು ಬದಿಗೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಬಳೆ. ಅದೇ ಬುಷ್. ಬಳೆ ಸವೆದರೆ ರಾಡು ಓಲಾಡುತ್ತದೆ, ಕೈ ಹೇಳಿದ್ದು ಕೆಳಗೆ ತಲುಪುವುದಿಲ್ಲ. ನಮ್ಮದು ಸವೆದು ಒಡೆದೇ ಹೋಗಿತ್ತು. ಸುತ್ತ ಕಪ್ಪು ಅಂಟು.

"ಇದೇನಿದು, ಎಣ್ಣೆ ವಾಸನೆ?"

ಇದ್ದದ್ದು ಹೇಳಿದೆ. ಕಿರುಗುಟ್ಟುತ್ತದೆಂದು ವಾರಕ್ಕೊಮ್ಮೆ ಎಳ್ಳೆಣ್ಣೆ ಬಿಡುತ್ತಿದ್ದೆ. ನನ್ನ ಅಪ್ಪನ ಮನೆಯಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಹಾಗೇ ಮಾಡುತ್ತಿದ್ದರು. ಆ ಎಣ್ಣೆಗೆ ಮಣ್ಣು ಅಂಟಿ, ಮಣ್ಣೇ ಬುಷ್ಷನ್ನು ಅರೆದುಹಾಕಿತ್ತು.

"ಶನಿವಾರ ಶನಿವಾರ ವಂಡಿಗೂ ಎಣ್ಣೆ ಸ್ನಾನವಾ ತಾಯಿ? ಸೀಗೆಪುಡಿ ಹಾಕ್ಲಿಲ್ವಾ?" ಎಂದರು. ಎಷ್ಟೋ ದಿನಗಳ ಮೇಲೆ ನಾನು ಬಾಯಿಬಿಟ್ಟು ನಕ್ಕೆ.

ತೇಣಿಯಲ್ಲಿ ಹೊಸ ಪ್ಲಾಸ್ಟಿಕ್ ಬುಷ್ ಸಿಗುತ್ತಿತ್ತು. ಅವರು ಒಪ್ಪಲಿಲ್ಲ. "ಇನ್ನೊಂದು ಕೊಯ್ಲಿಗೆ ತಿರುಗಾ ಹಿಂಗೇ ಆಯ್ತದೆ. ಪಿತ್ತಳೆ ಹಾಕಮ. ಆದ್ರೆ ಒಂದು, ಪಿತ್ತಳೆ ಹಾಕಿದ್ರೆ ಇಂಜಿನ್ ಮಾತಾಡೋದು ಕೈಗೆ ಕೇಳ್ತದೆ. ಪರವಾಗಿಲ್ಲವಾ?"

ಲೇತ್ ಅಂಗಡಿಯಲ್ಲಿ ಪಿತ್ತಳೆ ಸರಳಿಗೆ ತೂತು ಹಾಕಿಸಿ ತಂದರು. ಉಳಿದದ್ದೆಲ್ಲ ಕೈಕೆಲಸ. ಅರದಿಂದ ಉಜ್ಜುವರು, ಮೊಳೆಗೆ ಹಾಕಿ ನೋಡುವರು, ಉಪ್ಪುಕಾಗದದಿಂದ ಇನ್ನಷ್ಟು ತೆಗೆಯುವರು. ಅಳತೆಗೆ ಸಿಗರೇಟಿನ ತೆಳು ಕಾಗದ ಒಂದೇ. ಅದು ಸಂದಿನಲ್ಲಿ ನುಗ್ಗಿದರೆ ಸಡಿಲ, ಹರಿದರೆ ಬಿಗಿ, ಎರಡೂ ಆಗದಿದ್ದರೆ ಸರಿ. ಕೂರಿಸಿ ಮುಗಿದ ಮೇಲೆ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಒಂದೊಂದೇ ಗೇರು ಹಾಕಿದರು. ಕ್ಳಕ್. ಕ್ಳಕ್.

"ಬೀಗ ಬಾಯಿ ಬಿಡೋವಾಗಲೂ ಇದೇ ಸದ್ದು ತಾಯಿ. ಕಣ್ಣಲ್ಲಿ ನೋಡಿದ್ರೆ ತಿಳಿಯಲ್ಲ, ಕಿವೀಲಿ ನೋಡಬೇಕು."

ಎರಡು ಬುಷ್‌ಗಳ ಹೊರ ಅಂಚಿನಲ್ಲೂ ಒಂದೊಂದು ಸಣ್ಣ ಗೀರು ಹಾಕಿದ್ದರು. ಏಕೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಪಟ್ಟರೆಯ ಅಭ್ಯಾಸವಂತೆ. ಮೊದಲ ಸಲ ಮಾಡಿದ್ದಕ್ಕೆ ಒಂದು ಗೀರು. ಕೆಟ್ಟು ತಿರುಗಿ ಬಂದು ಮತ್ತೆ ಮಾಡಿಕೊಟ್ಟರೆ ಎರಡು. "ಎರಡು ಗೀರು ಅಂದ್ರೆ ತಪ್ಪು ನನ್ನದು ಅಂತ. ನಲವತ್ತು ವರ್ಷದಲ್ಲಿ ಮೂರೇ ಸಲ ಹಾಕಿದ್ದೀನಿ. ಮೂರೂ ನೆನಪಿದೆ."

ಆಮೇಲೆ ಕಾರು ಓಡಿಸುವುದೇ ಬೇರೆಯಾಯಿತು. ಕಾಲುವೆ ಏರಿ, ಸಂತೆ ದಾರಿ, ಒಮ್ಮೆ ತೇಣಿ, ಒಮ್ಮೆ ಬೋಡಿ. ಬೋಡಿಮೆಟ್ಟಿನ ಬೆಟ್ಟ ಹತ್ತಲು ಮಾತ್ರ ಧೈರ್ಯ ಬರಲಿಲ್ಲ. ಕೈಯಲ್ಲಿ ಆ ಗುಂಯ್ ಇದ್ದರೆ ಯಾರೋ ಪಕ್ಕದಲ್ಲಿ ಇದ್ದ ಹಾಗೆ. ಅವರು ತಿಂಗಳಿಗೊಮ್ಮೆ ಬಂದು ಗ್ರೀಸ್ ಹಚ್ಚುವರು, ಕಾಪಿ ಕುಡಿಯುವರು, ಹೋಗುವರು.

ಒಂದು ದಿನ ಕಾಪಿ ಲೋಟ ಕೆಳಗಿಟ್ಟು ಕೇಳಿದರು: "ತಾಯಿ, ನನ್ನ ಒಂದು ಸಲ ದಿಂಡಿಗಲ್ಲಿಗೆ ಕರ್ಕೊಂಡು ಹೋಗ್ತೀಯಾ? ಪಟ್ಟರೆ ಒಡೀತಾರಂತೆ. ಕೆಡವೋ ಮುಂಚೆ ನಾನು ಕೂತಿದ್ದ ಜಾಗ ನೋಡಬೇಕು. ಬಸ್ ಮೆಟ್ಟಿಲು ಹತ್ತಕ್ಕೆ ಮೊಣಕಾಲು ಬಿಡಲ್ಲ. ದಾರೀಲಿ ಬತ್ತಲಗುಂಡಿನಲ್ಲಿ ಒಂದು ಕಾಪಿ ಕುಡಿಯಮ, ಸಾಯಂಕಾಲಕ್ಕೆ ತಿರುಗಿ ಬಂದುಬಿಡಮ."

ಅದಕ್ಕೆ ಎರಡು ದಿನ ಮುಂಚೆ ಓರಗಿತ್ತಿ ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ ಅಂದಿದ್ದಳು: "ಏನಕ್ಕಾ, ನಿನ್ನ ಗೇರ್ ರಿಪೇರಿ ಇನ್ನೂ ಮುಗೀಲಿಲ್ವಾ? ಭಾವ ತಿಂಗಳಾ ತಿಂಗಳಾ ಕಾರಿನ ಹತ್ರ ಬರ್ತಾರಲ್ಲ." ಆ ಭಾವ ಎಂಬ ಮಾತನ್ನು ಎಳೆದು ಹೇಳಿದ್ದಳು. ಕೊಡ ತುಂಬುವ ಮುಂಚೆಯೇ ನಾನು ಎತ್ತಿಕೊಂಡು ಬಂದಿದ್ದೆ.

ದಿಂಡಿಗಲ್ಲಿನವರೆಗೂ ದಾರಿಯುದ್ದಕ್ಕೂ ನಮ್ಮ ಜನ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾನು ಓಡಿಸಿಕೊಂಡು ಹೋಗುವುದನ್ನು ಎಷ್ಟು ಕಣ್ಣು ನೋಡುತ್ತವೆ ಎಂದು ಲೆಕ್ಕ ಹಾಕಿದೆ. ಆಗುವುದಿಲ್ಲ ಎಂದು ನೇರವಾಗಿ ಹೇಳಬಹುದಿತ್ತು. ಅವರ ಮಗಳಿಗೆ ರಜೆ ಇರುವ ದಿನ ಅವಳನ್ನೂ ಹಿಂದೆ ಕೂರಿಸಿಕೊಂಡು ಹೋಗಬಹುದಿತ್ತು. ಇದು ಈಗ ಹೊಳೆಯುತ್ತದೆ, ಆಗ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಬೇರೆ.

"ಗೇರು ತಿರುಗಾ ಲೂಜಾಗಿದೆ. ಅಷ್ಟು ದೂರ ನಂಬಿ ಹೋಗಕ್ಕಾಗಲ್ಲ."

ಅವರ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ, ನೆಲ ನೋಡುತ್ತಿದ್ದೆ. "ಲೂಜಾ? ನಾನು ಹಾಕಿದ್ದಾ?" ಎಂದರು. "ಸರಿ ತಾಯಿ. ನಾನು ಬೇರೆ ಬುಷ್ ಮಾಡ್ತೀನಿ" ಎಂದು ಎದ್ದರು.

ಮೂರು ದಿನ ಗೋಡೆಯ ಆಚೆ ಅರದ ಸದ್ದು. ಬೆಳಗ್ಗೆ ಇಡ್ಲಿ ಹಿಟ್ಟು ಅರೆಯುವಾಗ ಕೇಳುತ್ತಿತ್ತು, ಮಧ್ಯಾಹ್ನ ಮಲಗಿದಾಗ ಕೇಳುತ್ತಿತ್ತು. ಬೇಡಿ, ಗೇರು ಚೆನ್ನಾಗಿಯೇ ಇದೆ, ನಾನು ಸುಳ್ಳು ಹೇಳಿದೆ ಎನ್ನಲು ಗೋಡೆಯ ಹತ್ತಿರ ಎರಡು ಸಲ ಹೋದೆ. ಅವರನ್ನು ಏನೆಂದು ಕೂಗುವುದು? ಕೂಗಲು ನನ್ನ ಹತ್ತಿರ ಒಂದು ಮಾತಿರಲಿಲ್ಲ. ತಿರುಗಿ ಬಂದೆ.

ನಾಲ್ಕನೇ ದಿನ ಬಂದು ಅಂಗೈ ಚಾಚಿ ತೋರಿಸಿದರು. ಹೊಸ ಎರಡು ಬುಷ್. ಒಂದೊಂದರ ಮೇಲೂ ಎರಡೆರಡು ಗೀರು.

"ನಾಲ್ಕನೇ ಸಲ" ಎಂದು ನಗಲು ನೋಡಿದರು.

ತಿರುಪು ಬಿಚ್ಚಿದರು. ನಾನು ಟಾರ್ಚು ಹಿಡಿದೆ. ಮೊಳೆಯನ್ನು ಬೆರಳಿನಲ್ಲಿ ಅಲ್ಲಾಡಿಸಿದರು, ಸಿಗರೇಟಿನ ಕಾಗದ ನುಗ್ಗಿಸಿ ನೋಡಿದರು. ಅದು ನುಗ್ಗಲಿಲ್ಲ. ಅವರ ಕೈ ಅಲ್ಲೇ ನಿಂತಿತು. ತಲೆ ಎತ್ತದೆಯೇ, "ತಾಯಿ, ಇನ್ನೊಂದು ಕಾಪಿ ಸಿಗುತ್ತಾ?" ಎಂದರು. ನಾನು ಒಳಗೆ ಹೋದೆ. ತಿರುಗಿ ಬರುವಾಗ ಪೆಟ್ಟಿಗೆ ಮುಚ್ಚಿ ಕೊನೆಯ ತಿರುಪು ಬಿಗಿಯುತ್ತಿದ್ದರು.

"ಆಯ್ತು ತಾಯಿ. ಇನ್ನು ಇದು ಯಾವತ್ತೂ ತಿರುಗಿ ಬರಲ್ಲ."

ಕಾಪಿ ಕುಡಿದು ಹೋದರು. ದಿಂಡಿಗಲ್ಲಿನ ಮಾತು ಮತ್ತೆ ಎತ್ತಲಿಲ್ಲ. ಗ್ರೀಸ್ ಹಚ್ಚಲೂ ಬರಲಿಲ್ಲ. ಗೋಡೆಯ ಆಚೆಯಿಂದ ಮಾತ್ರ ದಿನವೂ, "ತಾಯಿ, ವಂಡಿ ಹೇಗಿದೆ?" ಎಂದು ಕೇಳುವರು. ಚೆನ್ನಾಗಿದೆ ಎನ್ನುವೆ. ಆ ಆಡಿ ತಿಂಗಳಲ್ಲಿ, ಆಷಾಢದಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಹದಿನಾರನೇ ದಿನದ ಕಾರ್ಯ ಮುಗಿದ ಮೇಲೆ ಮಗಳು ಒಂದು ಹಲ್ಲುಪುಡಿ ಡಬ್ಬಿ ತಂದುಕೊಟ್ಟಳು. "ಅಪ್ಪ ತೀರಿಹೋಗೋ ವಾರದಲ್ಲೇ ಹೇಳಿದ್ರು ಅಕ್ಕಾ. ಇದನ್ನ ಪಕ್ಕದ ಮನೆ ತಾಯಿಗೆ ಕೊಡು, ಮುಂದೆ ಎಂದಾದ್ರೂ ಬೇಕಾಗ್ತದೆ ಅಂತ." ಬಟ್ಟೆಯ ತುಂಡಿನಲ್ಲಿ ಸುತ್ತಿದ ಎರಡು ಪಿತ್ತಳೆ ಬುಷ್. ಎರಡೆರಡು ಗೀರು. ಒಂದು ದಿನವೂ ತಿರುಗದ ಹೊಳಪು.

ಅವಳು ಹೋದ ಮೇಲೆ ಕೊಟ್ಟಿಗೆಗೆ ಹೋಗಿ ನಾನೇ ನಾಲ್ಕು ತಿರುಪು ಬಿಚ್ಚಿದೆ. ಅವರು ಮಾಡುವುದನ್ನು ನೋಡಿ ಕಲಿತಿದ್ದೆ. ಟಾರ್ಚು ಬಿಟ್ಟು ನೋಡಿದರೆ ಒಳಗಿದ್ದುವು ಮೊದಲಿನವೇ, ಒಂದೊಂದೇ ಗೀರಿನವು. ಆ ದಿನ ಅವರು ಏನನ್ನೂ ಬದಲಿಸಿರಲಿಲ್ಲ. ಕಾಗದ ನುಗ್ಗದೆ ಹೋದಾಗಲೇ ಅವರಿಗೆ ತಿಳಿದಿತ್ತು. ನನ್ನ ಸುಳ್ಳು ನನ್ನ ಕಣ್ಣೆದುರೇ ಬಯಲಾಗಬಾರದೆಂದು ಕಾಪಿಗೆ ಕಳಿಸಿ ಪೆಟ್ಟಿಗೆ ಮುಚ್ಚಿದ್ದರು.

ಅವರ ಪಟ್ಟರೆ ಈಗ ಇಲ್ಲ. ನಾನು ಇವತ್ತಿಗೂ ಬತ್ತಲಗುಂಡು ದಾಟಿಲ್ಲ.

ಫೋನಿನಲ್ಲಿ ನೋಡಿ ಹೊಸ ಬುಷ್ ತರಿಸುತ್ತೇವೆ, ಮನೆಯಲ್ಲೇ ಹಾಕುತ್ತೇವೆ, ಗುಂಯ್ ನಿಲ್ಲುತ್ತದೆ ಎನ್ನುತ್ತೀರಿ. ತರಿಸಬೇಡಿ. ಈಗಿನವು ಸವೆಯುವ ದಿನ ಬಂದರೆ ದೇವರ ಗೂಡಿನ ಕೆಳಗೆ ಆ ಡಬ್ಬಿ ಇದೆ. ಅವನ್ನು ಹಾಕಿ. ಹಾಕುವಾಗ ಟಾರ್ಚಿನ ಬೆಳಕಿನಲ್ಲಿ ಆ ಎರಡು ಗೀರು ಕಾಣುತ್ತವೆ. ತಪ್ಪು ಮಾಡಿದವರ ಗುರುತು ಅದು. ಅವರು ತಮ್ಮದೆಂದು ತಿಳಿದು ಹಾಕಿಕೊಂಡರು. ಅದು ನನ್ನದು.